ತಪ್ಪಿದರೆ ಕತ್ತಿ ಎಲ್ಲಿಗೆ ಹೋಗ್ತದೆ?

ರಕ್ತ ನಿಂತಿತ್ತು. ಆದರೆ ಎಡಗೈ ತೋರುಬೆರಳಿನ ತುದಿ ಮಡಚುತ್ತಿರಲಿಲ್ಲ.

ಸೆಪ್ಟೆಂಬರ್ ಕೊನೆಯ ಶನಿವಾರ. ತೋರಣಾ ಕೋಟೆಯ ತಪ್ಪಲಿನ ವೆಲ್ಹೆಯಲ್ಲಿ, ಪುಣೆಯಿಂದ ಸುಮಾರು 60 ಕಿಲೋಮೀಟರ್ ದೂರದಲ್ಲಿ, ಒಬ್ಬ ರೈತರ ಅಂಗಳದಲ್ಲಿ ಟೆಂಟ್ ಹಾಕುತ್ತಿದ್ದೆವು. ಹುಬ್ಬಳ್ಳಿಯವನೊಬ್ಬ, ಕಾರ್ಕಳದವನೊಬ್ಬ, ಚಿತ್ರದುರ್ಗದವನೊಬ್ಬ, ತೀರ್ಥಹಳ್ಳಿ ಕಡೆಯ ನಾನು. ನಾಲ್ವರಿಗೂ ಹಿಂಜೆವಾಡಿಯಲ್ಲಿ ಕೆಲಸ. ವಾರಪೂರ್ತಿ ಪರದೆ ನೋಡಿ, ತಿಂಗಳಿಗೊಮ್ಮೆ ಸಹ್ಯಾದ್ರಿ ಹತ್ತುವ ಗುಂಪು ನಮ್ಮದು. ಪುಣೆ, ಮುಂಬೈಯಲ್ಲಿರುವ ಕನ್ನಡಿಗರಿಗೆ ಇಂಥ ಗುಂಪುಗಳ ಪರಿಚಯ ಹೇಳಬೇಕಿಲ್ಲ.

ಟೆಂಟಿನ ಒಂದು ಗೂಟ ಮುರಿದಿತ್ತು. "ಮಾಡ್ತೀನಿ ಇರ್ರೋ" ಎಂದು ನಾನು ಬೇಲಿಯ ಬದಿಯಲ್ಲಿ ಬಿದ್ದಿದ್ದ ಒಂದು ಕೋಲು ಎತ್ತಿಕೊಂಡೆ. ಚೀಲದಲ್ಲಿ ಮೂರು ವಾರದ ಹಿಂದೆ ಆನ್‌ಲೈನ್‌ನಲ್ಲಿ ತರಿಸಿದ ಹೊಸ ಚಾಕು ಇತ್ತು. ಏಳು ಇಂಚಿನ ಕಪ್ಪು ಅಲಗು, ಬೆನ್ನಿನಲ್ಲಿ ಗರಗಸದ ಹಲ್ಲು. ಹಿಡಿ ಟೊಳ್ಳು. ಅದರೊಳಗೆ ಬೆಂಕಿಕಡ್ಡಿ, ಮೀನು ಹಿಡಿಯುವ ದಾರ, ಮುಚ್ಚಳದಲ್ಲಿ ದಿಕ್ಸೂಚಿ. 1,800 ರೂಪಾಯಿ ಕೊಟ್ಟಿದ್ದೆ. ಮನೆಗೊಂದು ಮಿಕ್ಸಿ ತರುವಾಗಲೂ ನೂರು ರಿವ್ಯೂ ಓದುವ ಮನುಷ್ಯ ನಾನು. ಇದಕ್ಕೂ ಓದಿದ್ದೆ. ಯಾರೂ ಇದರಿಂದ ಒಂದು ಗೂಟ ಕೆತ್ತಿ ನೋಡಿದಂತಿರಲಿಲ್ಲ.

ಕೋಲನ್ನು ಎಡಗೈಯಲ್ಲಿ ಹಿಡಿದು, ತುದಿಯನ್ನು ಚೂಪು ಮಾಡಲು ಹೋದೆ. ಅಲಗು ಮರವನ್ನು ಕಚ್ಚಲಿಲ್ಲ, ಜಾರಿತು. ಇನ್ನಷ್ಟು ಬಲ ಹಾಕಿದೆ. ಅಲಗು ಹಿಡಿಗೆ ಸೇರುವ ಜಾಗದಲ್ಲಿ ಕಟಕ್ಕೆಂದು ಅಲುಗಾಡಿ, ಓರೆಯಾಗಿ ಬಂದು ಬೆರಳಿನ ಒಳಮೈ ಸೀಳಿತು.

ಆ ಮನೆಯ ಮಾವಶಿ ಅರಿಶಿನದ ಡಬ್ಬಿ ಹಿಡಿದು ಓಡಿ ಬಂದರು. ಕಾರ್ಕಳದ ಗೆಳೆಯ ಅದನ್ನು ಹಾಕಲು ಬಿಡದೆ, ತೊಳೆದ ಪಂಚೆಯ ತುಂಡನ್ನು ಗಾಯದ ಮೇಲಿಟ್ಟು ಹದಿನೈದು ನಿಮಿಷ ಒತ್ತಿ ಹಿಡಿದು, ನನ್ನ ಕೈಯನ್ನು ಎದೆಗಿಂತ ಮೇಲೆ ಎತ್ತಿಸಿದ. ಅವನ ಹೆಂಡತಿ ನರ್ಸ್. ಫೋನಿನಲ್ಲಿ ಅವರು ಕೇಳಿದ ಮೊದಲ ಪ್ರಶ್ನೆ ರಕ್ತದ್ದಲ್ಲ. "ಬೆರಳಿನ ತುದಿ ಮಡಚೋಕಾಗ್ತದಾ ಕೇಳಿ" ಎಂದರು. ಆಗುತ್ತಿರಲಿಲ್ಲ.

ರಾತ್ರಿಯೇ ಪುಣೆಗೆ ಹಿಂದಿರುಗಿದೆವು. ಬೆರಳನ್ನು ಮಡಚುವ ಸ್ನಾಯುರಜ್ಜು ತುಂಡಾಗಿತ್ತು. ಮರುದಿನ ಶಸ್ತ್ರಚಿಕಿತ್ಸೆ. ಆರು ವಾರ ಸ್ಪ್ಲಿಂಟ್, ಜೊತೆಗೆ ಫಿಸಿಯೋಥೆರಪಿ, ಭಾರ ಎತ್ತಲು ಮೂರು ತಿಂಗಳು ಕಾಯಬೇಕೆಂದರು. ಬೆರಳು ಮೊದಲಿನಂತೆ ಪೂರ್ತಿ ಮಡಚುತ್ತದೋ ಇಲ್ಲವೋ ಎಂಬುದಕ್ಕೆ ಅವರು ಭರವಸೆ ಕೊಡಲಿಲ್ಲ. ಕೀಬೋರ್ಡ್ ನೋಡದೆ ಟೈಪ್ ಮಾಡುವವರಿಗೆ ಎಡಗೈ ತೋರುಬೆರಳು ಅಂದರೆ ಆರ್, ಎಫ್, ವಿ, ಟಿ, ಜಿ, ಬಿ. ಆರು ಅಕ್ಷರ. ಅವಿಲ್ಲದೆ ಒಂದು ಸಾಲು ಕೋಡ್ ಬರೆದು ನೋಡಿ. ನನ್ನ ಸಂಬಳ ಎಷ್ಟು ಸಣ್ಣ ಜಾಗದಲ್ಲಿ ನಿಂತಿದೆ ಎಂಬುದು ಆ ಆರು ವಾರದಲ್ಲಿ ಗೊತ್ತಾಯಿತು.

ಅರ್ಧ ಉಗುರು

ಮನೆಗೆ ಫೋನ್ ಮಾಡಿ "ಕಾರಿನ ಬಾಗಿಲಲ್ಲಿ ಸಿಕ್ಕಿಹಾಕಿಕೊಂಡಿತು" ಎಂದಿದ್ದೆ. ದೀಪಾವಳಿಗೆ ಊರಿಗೆ ಹೋದಾಗ ಅಪ್ಪಯ್ಯ ಸ್ಪ್ಲಿಂಟ್ ನೋಡಿದರು, ಬೆರಳಿನ ಮೇಲಿನ ಹೊಲಿಗೆಯ ಗುರುತು ನೋಡಿದರು. "ಯಾವ ಕತ್ತಿ?" ಎಂದರು. ಅಷ್ಟೇ.

ಮೊಬೈಲಿನಲ್ಲಿ ಚಾಕುವಿನ ಫೋಟೊ ತೋರಿಸಿದೆ. ಕನ್ನಡಕ ಹಾಕಿಕೊಂಡು ನೋಡಿದರು. "ಬೆನ್ನಲ್ಲಿ ಹಲ್ಲು ಎಂತಕ್ಕೆ ಮಾರಾಯ ಇದಕ್ಕೆ?" ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ.

ನಮ್ಮದು ಅಡಿಕೆ ತೋಟ. ಮನೆತುಂಬ ಕತ್ತಿಗಳು. ಸೊಪ್ಪು ಕಡಿಯಲು ಒಂದು, ಗೊನೆ ಕೊಯ್ಯಲು ಒಂದು, ಅಡಿಕೆ ಸುಲಿಯಲು ಮೆಟ್ಟುಕತ್ತಿ, ಅಡುಗೆಮನೆಯಲ್ಲಿ ಈಳಿಗೆಮಣೆ. ಅಪ್ಪಯ್ಯ ತೋಟಕ್ಕೆ ಹೊರಟರೆ ಸೊಂಟದ ಹಿಂದಿನ ಕೊಕ್ಕೆಗೆ ಕತ್ತಿ ಬೀಳುತ್ತಿತ್ತು. ಆದರೆ ನನಗೆ ಅದನ್ನು ಮುಟ್ಟಲು ಬಿಟ್ಟವರಲ್ಲ. "ನಿಂಗೆ ಬೇಡ, ನೀನು ಓದು" ಎನ್ನುತ್ತಿದ್ದರು. ಓದಿದೆ. ಸುರತ್ಕಲ್‌ನಲ್ಲಿ ಎಂ.ಟೆಕ್. ಮುಗಿಸಿ ಪುಣೆ ಸೇರಿದೆ. ಹೀಗಾಗಿ ನಮ್ಮ ಮನೆಯಲ್ಲಿ ಕತ್ತಿ ಹಿಡಿಯಲು ಬಾರದ ಮೊದಲ ಗಂಡಸು ನಾನು. ಇದನ್ನು ಹೊರನಾಡಿನಲ್ಲಿರುವ ಎಷ್ಟೋ ಮಂದಿ ತಮ್ಮ ಮಾತೆಂದೇ ಓದಿಕೊಳ್ಳಬಹುದು. ನಮ್ಮ ಕೈ ಹಗುರಾಗಲಿ ಎಂದು ಅವರು ಕೈ ಸವೆಸಿದರು. ನಾವು ಆ ಕೈಗಳಲ್ಲಿದ್ದ ವಿದ್ಯೆ ಏನೆಂದು ಕೇಳಲಿಲ್ಲ.

ಅಪ್ಪಯ್ಯನ ಎಡ ಹೆಬ್ಬೆರಳಿನಲ್ಲಿ ಅರ್ಧ ಉಗುರಿಲ್ಲ. ಚಿಕ್ಕಂದಿನಿಂದ ನೋಡಿದ್ದೆ, ಯಾಕೆಂದು ಕೇಳಿರಲಿಲ್ಲ. ಅವತ್ತು ಅವರೇ ಹೇಳಿದರು. ಹನ್ನೆರಡನೇ ವಯಸ್ಸಿನಲ್ಲಿ ಸೊಪ್ಪಿನ ಬೆಟ್ಟದಲ್ಲಿ, ಪಕ್ಕದ ಮನೆಯವರಿಂದ ಎರವಲು ತಂದ ಮೊಂಡು ಕತ್ತಿಯಿಂದ ಆದದ್ದು. "ಹರಿತ ಇದ್ರೆ ಹೇಳಿದಲ್ಲಿ ಹೋಗ್ತದೆ. ಮೊಂಡಾದ್ರೆ ನಾವು ಬಲ ಹಾಕ್ತೀವಿ, ಆಮೇಲೆ ಅದು ಎಲ್ಲಿಗೆ ಹೋಗ್ತದೆ ಅಂತ ನಮಗೆ ಗೊತ್ತಿರೋದಿಲ್ಲ" ಎಂದರು.

ನನ್ನನ್ನು ಕತ್ತಿಯಿಂದ ದೂರ ಇಟ್ಟದ್ದಕ್ಕೆ ಆ ಅರ್ಧ ಉಗುರೂ ಒಂದು ಕಾರಣವೆಂದು ನನಗೆ ತಿಳಿದದ್ದು ಮೂವತ್ತನಾಲ್ಕನೇ ವಯಸ್ಸಿನಲ್ಲಿ.

ಮರುದಿನ ಬೆಳಿಗ್ಗೆ ಅಂಗಳದಲ್ಲಿ ಒಂದು ಕೊರಡು ಇಟ್ಟು, ಗೂಟ ಕೆತ್ತುವುದು ಹೇಗೆಂದು ತೋರಿಸಿದರು. ನಾನು ನೋಡಿದ್ದು ಮಾತ್ರ, ಕೈ ಕಟ್ಟಿಹೋಗಿತ್ತಲ್ಲ. ಒಂದೊಂದು ಏಟಿಗೂ ಮೊದಲು ಅವರ ಕಣ್ಣು ಒಂದು ಕ್ಷಣ ಕೋಲಿನಿಂದ ಕೆಳಗೆ ಹೋಗುತ್ತಿತ್ತು. ಏನು ನೋಡುತ್ತೀರಿ ಎಂದು ಕೇಳಿದೆ. "ತಪ್ಪಿದ್ರೆ ಕತ್ತಿ ಎಲ್ಲಿಗೆ ಹೋಗ್ತದೆ ಅಂತ. ಅಲ್ಲಿ ಕೈ, ಕಾಲು, ಇನ್ನೊಬ್ಬರು ಇರಬಾರದು" ಎಂದರು.

ಐವತ್ತು ವರ್ಷ ಕತ್ತಿ ಹಿಡಿದವರು ಪ್ರತಿ ಏಟಿಗೂ ತಪ್ಪುವುದನ್ನು ಯೋಚಿಸುತ್ತಾರೆ. ಮೂರು ವಾರದ ಚಾಕು ಹಿಡಿದಿದ್ದ ನಾನು ಒಮ್ಮೆಯೂ ಯೋಚಿಸಿರಲಿಲ್ಲ. ಮುಂದೆ ನಾನು ಕಲಿತದ್ದೆಲ್ಲ ಈ ಒಂದು ಮಾತಿನ ವಿಸ್ತಾರ.

ಯಾವುದನ್ನು ಕೊಳ್ಳಬೇಕು?

ಪುಣೆಗೆ ಬಂದವನು ಎಂ.ಟೆಕ್. ದಿನಗಳ ರೂಮ್‌ಮೇಟ್‌ಗೆ ಫೋನ್ ಮಾಡಿದೆ. ಅವನು ಲೋಹಶಾಸ್ತ್ರ ಓದಿದವನು. ಮುರಿದ ಚಾಕುವಿನ ಫೋಟೊ ನೋಡಿ ನಕ್ಕ. ಅವನು ಹೇಳಿದ್ದು, ಅಪ್ಪಯ್ಯ ತೋರಿಸಿದ್ದು, ಆಮೇಲೆ ನಾನೇ ಬಳಸಿ ಕಂಡದ್ದು ಇವನ್ನು ಸೇರಿಸಿ ಹೇಳುತ್ತೇನೆ.

ಮೊದಲು, ಮಡಚುವ ಚಾಕುವೋ ಮಡಚದ ಚಾಕುವೋ? ಹಣ್ಣು ಹೆಚ್ಚಲು, ದಾರ ಕತ್ತರಿಸಲು ಮಡಚುವುದು ಸಾಕು. ಕಟ್ಟಿಗೆ ಕೆತ್ತುವ, ಸೀಳುವ ಕೆಲಸಕ್ಕೆ ಮಡಚದ ಅಲಗೇ ಬೇಕು. ಮಡಚುವ ಚಾಕುವಿನಲ್ಲಿ ಕೀಲು ಇರುತ್ತದೆ. ಅದರಲ್ಲಿ ಮಣ್ಣು ಸೇರುತ್ತದೆ, ಬಲ ಬಿದ್ದಾಗ ಸಡಿಲವಾಗುತ್ತದೆ, ಕೆಲವೊಮ್ಮೆ ಬೆರಳಿನ ಮೇಲೇ ಮಡಚಿಕೊಳ್ಳುತ್ತದೆ.

ಎರಡನೆಯದು ಹಿಡಿಯ ಒಳಗಿರುವುದು. ಅಲಗಿನ ಉಕ್ಕು ಹಿಡಿಯೊಳಗೆ ಎಷ್ಟು ದೂರ ಹೋಗಿದೆ ಎಂಬುದೇ ಚಾಕುವಿನ ಗಟ್ಟಿತನ. ಹಿಡಿಯ ಕೊನೆಯವರೆಗೆ, ಹಿಡಿಯಷ್ಟೇ ಅಗಲಕ್ಕೆ ಒಂದೇ ಉಕ್ಕಿನ ಪಟ್ಟಿ ಹೋಗಿದ್ದರೆ ಅದನ್ನು ಫುಲ್ ಟ್ಯಾಂಗ್ ಎನ್ನುತ್ತಾರೆ. ಟೊಳ್ಳು ಹಿಡಿಯ ಚಾಕುಗಳಲ್ಲಿ ಒಂದು ಸಣ್ಣ ತುಂಡು ಮಾತ್ರ ಒಳಗೆ ಹೋಗಿ ನಟ್ಟಿನಲ್ಲಿ ನಿಂತಿರುತ್ತದೆ. ಬಲವೆಲ್ಲ ಬೀಳುವುದು ಸರಿಯಾಗಿ ಆ ಸಂಧಿಯಲ್ಲೇ. ನನ್ನದು ಅಲುಗಾಡಿದ್ದು ಅಲ್ಲಿ. ಬೆಂಕಿಕಡ್ಡಿ ಇಡಲು ಜೇಬಿದೆ, ಅದಕ್ಕೆ ಚಾಕುವಿನ ಹಿಡಿ ಬೇಕಿಲ್ಲ.

ಉದ್ದ. ಇದರಲ್ಲೇ ಎಲ್ಲರೂ ಮೋಸ ಹೋಗುವುದು. ದೊಡ್ಡದಾದಷ್ಟೂ ಒಳ್ಳೆಯದೆಂದು ಕಾಣುತ್ತದೆ. ನಾಲ್ಕರಿಂದ ಐದು ಇಂಚು ಸಾಕು, ಅಂದರೆ ಅಂಗೈಯ ಅಗಲಕ್ಕಿಂತ ಸ್ವಲ್ಪ ಹೆಚ್ಚು. ಅಲಗು ಉದ್ದವಾದಷ್ಟೂ ಅದರ ತುದಿ ಕೈಯಿಂದ ದೂರ, ಹತೋಟಿಯಿಂದಲೂ ದೂರ. ದಪ್ಪ 2.5ರಿಂದ 4 ಮಿಲಿಮೀಟರ್ ಇರಲಿ. ಅದಕ್ಕಿಂತ ಬಹಳ ದಪ್ಪನೆಯದು ಈರುಳ್ಳಿಯನ್ನು ಹೆಚ್ಚುವುದಿಲ್ಲ, ಒಡೆಯುತ್ತದೆ.

ಮರ ಕಡಿಯಲು ಉದ್ದದ್ದು ಬೇಡವೇ ಎಂದು ಕೇಳಬಹುದು. ಅದು ಕತ್ತಿಯ ಕೆಲಸ, ಚಾಕುವಿನದಲ್ಲ. ನಮ್ಮ ಮಲೆನಾಡಿನ ಕತ್ತಿ ತನ್ನ ತೂಕದಿಂದ ಕಡಿಯುತ್ತದೆ. ಚಾಕು ತನ್ನ ಹರಿತದಿಂದ ಕೊಯ್ಯುತ್ತದೆ. ಏಳು ಇಂಚಿನ ನನ್ನ ಚಾಕು ಕಡಿಯಲು ಹಗುರ, ಕೊಯ್ಯಲು ಭಾರ. ಬೆನ್ನಿನ ಹಲ್ಲು ಗರಗಸದ ಕೆಲಸವನ್ನೂ ಮಾಡಲಿಲ್ಲ, ಕಟ್ಟಿಗೆ ಸೀಳುವಾಗ ಬೆನ್ನಿನ ಮೇಲೆ ಬಡಿಯಲೂ ಬಿಡಲಿಲ್ಲ.

ಉಕ್ಕು. ಇದರಲ್ಲಿ ಎರಡು ದಾರಿ. ಕಾರ್ಬನ್ ಸ್ಟೀಲ್ ಕಲ್ಲಿನ ಮೇಲೆ ಬೇಗ ಹರಿತವಾಗುತ್ತದೆ, ಬೇಗ ತುಕ್ಕೂ ಹಿಡಿಯುತ್ತದೆ. 1095 ಎಂಬ ಹೆಸರಿನ ಉಕ್ಕಿನಲ್ಲಿ ಇಂಗಾಲ ಸುಮಾರು ಶೇ 0.95. ಊರಿನ ಆಚಾರಿ ಲಾರಿಯ ಸ್ಪ್ರಿಂಗ್ ಪಟ್ಟಿ ಕಾಯಿಸಿ ಬಡಿದು ಮಾಡುವ ಕತ್ತಿಯೂ ತುಕ್ಕು ಹಿಡಿಯುವ ಈ ಜಾತಿಯದೇ. ಸ್ಟೇನ್‌ಲೆಸ್‌ನಲ್ಲಿ ಕ್ರೋಮಿಯಂ ಇರುತ್ತದೆ. ಶೇ 10.5ಕ್ಕೆ ಕಡಿಮೆಯಿದ್ದರೆ ಅದನ್ನು ಸ್ಟೇನ್‌ಲೆಸ್ ಎನ್ನುವುದಿಲ್ಲ, ಒಳ್ಳೆಯ ಚಾಕುಗಳಲ್ಲಿ ಶೇ 13ರ ಆಸುಪಾಸು ಇರುತ್ತದೆ. ಸಹ್ಯಾದ್ರಿಯ ಮಳೆಗಾಲದಲ್ಲಿ, ಮುಂಬೈ ಚೆನ್ನೈಯ ಉಪ್ಪುಗಾಳಿಯಲ್ಲಿ ಬದುಕುವ ನಮಗೆ ಸ್ಟೇನ್‌ಲೆಸ್ ಅನುಕೂಲ. ದಿನವೂ ಒರೆಸಿ ಎಣ್ಣೆ ಹಚ್ಚುವ ಶ್ರದ್ಧೆ ಇದ್ದರೆ ಕಾರ್ಬನ್ ಸ್ಟೀಲ್ ಕೊಳ್ಳಿ.

ಗೆಳೆಯ ಇನ್ನೊಂದು ಮಾತು ಸೇರಿಸಿದ. "ಎಷ್ಟು ಗಟ್ಟಿ ಅಂತ ಮಾತ್ರ ಕೇಳಬೇಡ. ತುಂಬಾ ಗಟ್ಟಿಯಾದ್ರೆ ಗಾಜಿನ ಥರ ಚಕ್ಕೆ ಏಳುತ್ತೆ, ಮೆತ್ತಗಾದ್ರೆ ಬಾಯಿ ಮಡಚುತ್ತೆ." ಗಡಸುತನವನ್ನು ರಾಕ್‌ವೆಲ್ ಅಳತೆಯಲ್ಲಿ ಹೇಳುತ್ತಾರೆ. ಹೊರಾಂಗಣದ ಚಾಕುವಿಗೆ 56ರಿಂದ 60 ಸಾಮಾನ್ಯ. ಆಚಾರಿ ಕಾದ ಕತ್ತಿಯನ್ನು ನೀರಿನಲ್ಲಿ ಅದ್ದಿ, ಮತ್ತೆ ಹದವಾಗಿ ಕಾಯಿಸುವಾಗ ಹುಡುಕುವುದು ಇದೇ ನಡುವಿನ ಜಾಗವನ್ನು. ಅವನ ಬಳಿ ಮಾಪಕವಿಲ್ಲ, ಉಕ್ಕಿನ ಬಣ್ಣ ನೋಡುತ್ತಾನೆ.

ಹಿಡಿ ಒದ್ದೆ ಕೈಯಲ್ಲಿ ಜಾರಬಾರದು. ನಾಲ್ಕೂ ಬೆರಳು ಕೂತು ಸ್ವಲ್ಪ ಜಾಗ ಉಳಿಯಬೇಕು. ಬೆರಳು ಮುಂದಕ್ಕೆ ಜಾರಿ ಅಲಗಿನ ಮೇಲೆ ಹೋಗದಂತೆ ಒಂದು ಸಣ್ಣ ಉಬ್ಬು ಇದ್ದರೆ ಹೊಸಬರಿಗೆ ಒಳ್ಳೆಯದು.

ಕೊನೆಯದು ಒರೆ. ಚಾಕುವಿನ ಬಹುಪಾಲು ಆಯುಷ್ಯ ಒರೆಯಲ್ಲೇ ಕಳೆಯುತ್ತದೆ. ತಲೆಕೆಳಗು ಮಾಡಿ ಅಲುಗಾಡಿಸಿದರೂ ಅದು ಬೀಳಬಾರದು. ಚರ್ಮದ ಒರೆ ನೋಡಲು ಚೆಂದ, ಆದರೆ ಮಳೆಗಾಲದಲ್ಲಿ ನೀರು ಹೀರಿ ಅಲಗಿಗೆ ತುಕ್ಕು ತರುತ್ತದೆ. ಅಡಿಯಲ್ಲಿ ನೀರು ಸೋರುವ ತೂತಿರುವ ಪ್ಲಾಸ್ಟಿಕ್ ಒರೆ ನಮ್ಮ ಹವೆಗೆ ಒಗ್ಗುತ್ತದೆ. ಕೊಡಗಿನವರ ಒಡಿಕತ್ತಿ ಒರೆಯೇ ಇಲ್ಲದೆ ಸೊಂಟದ ಹಿಂದೆ ತೊಡಂಗದಲ್ಲಿ ನಿಲ್ಲುತ್ತದೆ. ಅದನ್ನು ಧರಿಸುವವರಿಗೆ ತಲೆಮಾರುಗಳ ಅಭ್ಯಾಸವಿದೆ, ನಮಗಿಲ್ಲ.

ನಾನು ಕೊನೆಗೆ ಕೊಂಡದ್ದು ಸ್ವೀಡನ್ನಿನ ಮೋರಾ ಎಂಬ ಊರಿನಲ್ಲಿ ತಯಾರಾಗುವ ಒಂದು ಸಾದಾ ಚಾಕು. ಸುಮಾರು ನಾಲ್ಕು ಇಂಚಿನ ಸ್ಟೇನ್‌ಲೆಸ್ ಅಲಗು, 2.5 ಮಿ.ಮೀ. ದಪ್ಪ, ರಬ್ಬರಿನಂಥ ಹಿಡಿ, ಪ್ಲಾಸ್ಟಿಕ್ ಒರೆ. ಇದು ಫುಲ್ ಟ್ಯಾಂಗ್ ಅಲ್ಲ, ಉಕ್ಕು ಹಿಡಿಯ ಅರ್ಧಕ್ಕೂ ಹೆಚ್ಚು ಹೋಗಿದೆ ಅಷ್ಟೆ. ನಾನು ಮಾಡುವ ಕೆಲಸಕ್ಕೆ ಅಷ್ಟು ಸಾಕು. ದಪ್ಪ ಕಟ್ಟಿಗೆ ಸೀಳುವವರು ಫುಲ್ ಟ್ಯಾಂಗ್‌ಗೇ ಹೋಗಬೇಕು.

ಹಿಡಿಯುವುದು ಹೇಗೆ?

ನಿಜ ಹೇಳಬೇಕೆಂದರೆ, ಟ್ರೆಕ್ಕಿನಲ್ಲಿ ಚಾಕು ಮಾಡುವ ಕೆಲಸ ಬಹಳ ಸಾಧಾರಣ. ಈರುಳ್ಳಿ, ಹಗ್ಗ, ಪೊಟ್ಟಣ, ಎಂದಾದರೊಮ್ಮೆ ಒಂದು ಗೂಟ, ಮಳೆಯಲ್ಲಿ ಒಲೆಗೆ ನಾಲ್ಕು ಚಕ್ಕೆ. ಆದರೆ ಗಾಯ ಆಗುವುದು ಇಂಥ ಸಾಧಾರಣ ಕೆಲಸದಲ್ಲೇ.

ಚಾಕು ಹೊರತೆಗೆಯುವ ಮೊದಲು, ಒರೆಯಲ್ಲಿರುವಾಗಲೇ ಅದನ್ನು ಹಿಡಿದು ಕೈ ಚಾಚಿ ಸುತ್ತ ಒಮ್ಮೆ ತಿರುಗಿಸಿ. ಆ ಸುತ್ತಿನೊಳಗೆ ಯಾರೂ ಇರಬಾರದು. ಕೂತು ಕೆತ್ತುವುದಾದರೆ ಮೊಣಕೈಗಳನ್ನು ಮೊಣಕಾಲಿನ ಮೇಲಿಟ್ಟು, ಮಂಡಿಯಿಂದ ಆಚೆಗೆ ಕೆತ್ತಿ. ತೊಡೆಗಳ ನಡುವೆ ಎಂದಿಗೂ ಬೇಡ. ತೊಡೆಯ ಒಳಭಾಗದಲ್ಲಿ ದೊಡ್ಡ ರಕ್ತನಾಳವಿದೆ. ಬೆಟ್ಟದ ಮೇಲೆ ಅದು ಕೊಯ್ದರೆ ಕೆಳಗಿಳಿಯುವಷ್ಟು ಸಮಯ ಸಿಗುವುದು ಕಷ್ಟ.

ಗೂಟವನ್ನು ಕೈಯಲ್ಲಿ ತೇಲಿಸಿ ಹಿಡಿದು ಕೆತ್ತಬೇಡಿ. ತುದಿಯನ್ನು ಒಂದು ಕೊರಡಿನ ಮೇಲಿಟ್ಟು ಕೆಳಮುಖವಾಗಿ ಕೆತ್ತಿ. ಜಾರಿದರೆ ಅಲಗು ಕೊರಡಿಗೆ ಹೋಗುತ್ತದೆ. ಕೋಲು ಹಿಡಿದ ಕೈ ಯಾವಾಗಲೂ ಅಲಗಿನ ಹಿಂದೆ ಇರಲಿ. ನಾನು ಅಂದು ಮಾಡಿದ್ದು ಇದರ ಸರಿ ವಿರುದ್ಧ.

ಮಳೆಯಲ್ಲಿ ನೆನೆದ ಕಟ್ಟಿಗೆಯೂ ಒಳಗೆ ಒಣಗಿರುವುದುಂಟು. ಮಣಿಕಟ್ಟಿನ ಗಾತ್ರದ ತುಂಡನ್ನು ನೆಟ್ಟಗೆ ನಿಲ್ಲಿಸಿ, ಅಲಗನ್ನು ಮೇಲಿಟ್ಟು, ಅಲಗಿನ ಬೆನ್ನಿಗೆ ಇನ್ನೊಂದು ಕಟ್ಟಿಗೆಯಿಂದ ಬಡಿದರೆ ಸೀಳಿಕೊಳ್ಳುತ್ತದೆ. ತುಂಡಿನ ಅಗಲ ಅಲಗಿನ ಉದ್ದಕ್ಕಿಂತ ಸಾಕಷ್ಟು ಕಡಿಮೆ ಇರಬೇಕು. ಗಂಟಿರುವ ಕಟ್ಟಿಗೆ ಬೇಡ, ಕಲ್ಲು ಸುತ್ತಿಗೆಯಿಂದ ಬಡಿಯುವುದೂ ಬೇಡ. ಸೀಳಿದ ಒಳತಿರುಳಿನಿಂದ ತೆಳ್ಳನೆ ಸುರುಳಿಗಳನ್ನು, ಬುಡ ಬಿಡಿಸದೆ, ಹೂವಿನಂತೆ ಎಬ್ಬಿಸಿದರೆ ಒಂದೇ ಕಡ್ಡಿಗೆ ಬೆಂಕಿ ಹತ್ತುತ್ತದೆ. ಬೆಂಕಿ ಹಾಕಲು ಅನುಮತಿ ಇರುವ ಜಾಗದಲ್ಲಿ ಮಾತ್ರ ಇದು.

ಬೀಳುತ್ತಿರುವ ಚಾಕುವನ್ನು ಹಿಡಿಯಲು ಹೋಗಬೇಡಿ, ಕಾಲು ಹಿಂದೆ ತೆಗೆಯಿರಿ. ಡಬ್ಬದ ಮುಚ್ಚಳ ಮೀಟಲು ಅದರ ತುದಿ ಬಳಸಬೇಡಿ. ಚಾಕು ಹಿಡಿದು ನಡೆಯಬೇಡಿ. ಕತ್ತಲಾದ ಮೇಲೆ, ಸುಸ್ತಾದಾಗ, ಕುಡಿದಾಗ ಹೊರತೆಗೆಯಲೇ ಬೇಡಿ. ಇನ್ನೊಬ್ಬರಿಗೆ ಕೊಡುವಾಗ ನಮ್ಮ ಅಮ್ಮಂದಿರು ಹೇಳುವಂತೆಯೇ ಮಾಡಿ. ಕತ್ತಿಯನ್ನು ಕೈಯಿಂದ ಕೈಗೆ ಕೊಟ್ಟರೆ ಜಗಳವಾಗುತ್ತದೆ, ಕೆಳಗಿಡು ಎನ್ನುತ್ತಾರಲ್ಲ, ಜಗಳದ ಮಾತು ಹೇಗಾದರೂ ಇರಲಿ, ಕೆಳಗಿಟ್ಟರೆ ಬೆರಳು ಉಳಿಯುತ್ತದೆ.

ಇಷ್ಟಾದರೂ ಕೊಯ್ದುಕೊಂಡರೆ ಶುಭ್ರ ಬಟ್ಟೆಯಿಂದ ಹತ್ತು ಹದಿನೈದು ನಿಮಿಷ ನಡುವೆ ಎತ್ತಿ ನೋಡದೆ ಒತ್ತಿ ಹಿಡಿಯಿರಿ. ಅರಿಶಿನ, ಕಾಫಿಪುಡಿ ಹಾಕಬೇಡಿ, ಆಮೇಲೆ ತೊಳೆಯುವ ವೈದ್ಯರಿಗೆ ಕಷ್ಟ. ಬೆರಳು ಮಡಚದಿದ್ದರೆ, ನೆಟ್ಟಗಾಗದಿದ್ದರೆ, ತುದಿ ಜೋಮು ಹಿಡಿದಿದ್ದರೆ ಗಾಯ ಎಷ್ಟೇ ಸಣ್ಣದಾಗಿ ಕಂಡರೂ ಅಂದೇ ಆಸ್ಪತ್ರೆಗೆ ಹೋಗಿ. ಟೆಟನಸ್ ಚುಚ್ಚುಮದ್ದಿನ ಬಗ್ಗೆ ಅಲ್ಲಿ ಕೇಳಿ.

ಹರಿತ ಉಳಿಸುವುದು

ಅಪ್ಪಯ್ಯ ಬಚ್ಚಲಿನ ಪಕ್ಕದ ಮಸೆಗಲ್ಲಿನಲ್ಲಿ ಕತ್ತಿ ಮಸೆಯದೆ ತೋಟಕ್ಕೆ ಹೋಗುವುದಿಲ್ಲ. ನಾನು 1,000 ಗ್ರಿಟ್‌ನ ಒಂದು ಕಲ್ಲು ತಂದಿದ್ದೇನೆ. ಓರೆ ಎಷ್ಟಿರಬೇಕೆಂಬ ಗೊಂದಲಕ್ಕೆ ಒಂದು ಸುಲಭ ಉಪಾಯವಿದೆ. ಅಲಗನ್ನು ಕಲ್ಲಿನ ಮೇಲೆ ನೆಟ್ಟಗೆ ನಿಲ್ಲಿಸಿದರೆ 90 ಡಿಗ್ರಿ, ಅದರ ಅರ್ಧ 45, ಮತ್ತೂ ಅರ್ಧ ಮಾಡಿದರೆ 22ರ ಆಸುಪಾಸು. ಹೊರಾಂಗಣದ ಚಾಕುವಿಗೆ ಅಷ್ಟು ಸರಿ. ಎರಡೂ ಕಡೆ ಸಮನಾಗಿ ಮಸೆದು, ಕೊನೆಗೆ ಹಳೆಯ ಚರ್ಮದ ಬೆಲ್ಟಿನ ಮೇಲೆ ಹಿಮ್ಮುಖವಾಗಿ ನಾಲ್ಕು ಸಲ ಎಳೆಯಿರಿ. ಮೋರಾದಂಥ ಚಾಕುಗಳಲ್ಲಿ ಓರೆ ಅಗಲವಾಗಿದ್ದು ಕಣ್ಣಿಗೇ ಕಾಣುತ್ತದೆ, ಅದನ್ನು ಕಲ್ಲಿನ ಮೇಲೆ ಮಲಗಿಸಿದರೆ ಸಾಕು. ಹರಿತ ನೋಡಲು ಬೆರಳು ಸವರಬೇಡಿ, ಟೊಮೆಟೊ ಸಾಕು. ಒತ್ತದೆ ಸಿಪ್ಪೆ ಸೀಳಿದರೆ ಆಯಿತು. ತೊಳೆದು, ಒರೆಸಿ, ಒಂದು ಹನಿ ಕೊಬ್ಬರಿ ಎಣ್ಣೆ ಸವರಿ ಇಡಿ. ತಿನ್ನುವ ವಸ್ತು ಹೆಚ್ಚುವ ಅಲಗಿಗೆ ಅದೇ ಒಳ್ಳೆಯದು.

ಚೀಲದಲ್ಲಿ ಹಾಕುವ ಮೊದಲು

ಹೊರರಾಜ್ಯದಲ್ಲಿರುವ ನಾವು ಇದನ್ನು ತಿಳಿದಿರಲೇಬೇಕು. 1959ರ ಶಸ್ತ್ರಾಸ್ತ್ರ ಕಾಯ್ದೆಯು ಮನೆಗೆಲಸ ಅಥವಾ ಕೃಷಿಗೆಂದೇ ಮಾಡಿದ ಸಾಧನಗಳನ್ನು ಶಸ್ತ್ರವೆಂದು ಪರಿಗಣಿಸುವುದಿಲ್ಲ. ಅದರ ನಿಯಮಗಳ ಪಟ್ಟಿಯಲ್ಲಿ 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗಿನ ಮಾತಿದೆ. ನಾಲ್ಕು ಇಂಚಿನ ಚಾಕು ಇದರಿಂದ ದೂರ. ಹಾಗೆಂದು ಸೊಂಟಕ್ಕೆ ಸಿಕ್ಕಿಸಿಕೊಂಡು ಬಸ್ಸು ಹತ್ತಬೇಡಿ. 1951ರ ಮಹಾರಾಷ್ಟ್ರ ಪೊಲೀಸ್ ಕಾಯ್ದೆಯ 37ನೇ ಕಲಮಿನಡಿ ಪೊಲೀಸರು ಹೊರಡಿಸುವ ಆದೇಶಗಳು ಚಾಕು, ಲಾಠಿ ಸಹ ಸಾರ್ವಜನಿಕವಾಗಿ ಒಯ್ಯುವುದನ್ನು ನಿಷೇಧಿಸಬಲ್ಲವು. "ಕೊಯ್ತಾ ಗ್ಯಾಂಗ್" ಸುದ್ದಿ ಓದಿರುವ ಪುಣೆಯವರಿಗೆ ಇಲ್ಲಿಯ ಪೊಲೀಸರು ಹರಿತದ ವಸ್ತುವನ್ನು ಯಾವ ಕಣ್ಣಿನಿಂದ ನೋಡುತ್ತಾರೆಂದು ಗೊತ್ತು. ಊರಿನ ಕತ್ತಿಯನ್ನು ಪ್ರೀತಿಯಿಂದ ಪುಣೆಗೆ ತರುವವರೂ ಇದನ್ನು ನೆನಪಿಡಿ. ಒರೆಯಲ್ಲಿಟ್ಟು, ಬಟ್ಟೆ ಸುತ್ತಿ, ಪಾತ್ರೆಗಳ ಜೊತೆ ಚೀಲದ ತಳದಲ್ಲಿ ಇಟ್ಟು ಒಯ್ಯಿರಿ. ವಿಮಾನದಲ್ಲಿ ಕೈಚೀಲಕ್ಕೆ ಹಾಕಲೇಬೇಡಿ. ಮೆಟ್ರೊದಲ್ಲಿ ಒಯ್ಯುವ ಯೋಚನೆಯೂ ಬೇಡ.

ಇನ್ನೊಂದು ವಿಷಯ ಬಹಳ ಮಂದಿ ಚಾರಣಿಗರಿಗೆ ಗೊತ್ತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಶಸ್ತ್ರ ಎಂಬ ಪದದೊಳಗೆ ಚಾಕುವೂ ಸೇರಿದೆ. ಲಿಖಿತ ಅನುಮತಿ ಇಲ್ಲದೆ ಅಭಯಾರಣ್ಯಕ್ಕೆ ಶಸ್ತ್ರ ಒಯ್ಯುವಂತಿಲ್ಲ. ಹರಿಶ್ಚಂದ್ರಗಡ, ಭೀಮಾಶಂಕರ, ನಮ್ಮ ಕುಮಾರ ಪರ್ವತ ಇವೆಲ್ಲ ಅಭಯಾರಣ್ಯದೊಳಗಿನವು. ಕುದುರೆಮುಖ ರಾಷ್ಟ್ರೀಯ ಉದ್ಯಾನ. ಅಲ್ಲಿಗೆ ಹೋಗುವಾಗ ಚಾಕು ಮನೆಯಲ್ಲೇ ಇರಲಿ. ಈರುಳ್ಳಿ ಮೊದಲೇ ಹೆಚ್ಚಿಟ್ಟುಕೊಂಡು ಹೋದರಾಯಿತು. ಎಲ್ಲಿಯಾದರೂ ಸರಿ, ಹಸಿ ಮರಕ್ಕೆ ಅಲಗು ಹಾಕುವುದು, ಕೋಟೆಯ ಕಲ್ಲಿನ ಮೇಲೆ ಹೆಸರು ಕೆತ್ತುವುದು ಬೇಡ.

ಕಾಲು ಹಿಂದೆ

ಕಳೆದ ಬೇಸಿಗೆಯಲ್ಲಿ ಊರಿಗೆ ಹೋದಾಗ ಹೊಸ ಚಾಕು ಒಯ್ದಿದ್ದೆ. ಅಪ್ಪಯ್ಯ ಹಿಡಿ ಒತ್ತಿ ನೋಡಿದರು, ಅಲಗನ್ನು ಬೆಳಕಿಗೆ ಹಿಡಿದರು, ಒಂದು ಒಣ ಅಡಿಕೆ ಹಾಳೆಯ ಅಂಚನ್ನು ಸೀಳಿದರು. "ಸಣ್ಣದು. ಸಾಕು" ಎಂದು ಒರೆಗೆ ಹಾಕಿದರು. ಅದೇ ದೊಡ್ಡ ಪ್ರಶಂಸೆ.

ನನ್ನ ಬೆರಳು ಈಗ ಮಡಚುತ್ತದೆ, ಪೂರ್ತಿ ಅಲ್ಲ. ಮುಷ್ಟಿ ಹಿಡಿದರೆ ತುದಿ ಅಂಗೈಗೆ ತಾಗುವುದಿಲ್ಲ, ಒಂದು ಪೆನ್ಸಿಲ್ ತೂರುವಷ್ಟು ಸಂದು ಉಳಿಯುತ್ತದೆ. ಟೈಪಿಂಗಿಗೆ ತೊಂದರೆಯಿಲ್ಲ. ಚಳಿಗೆ ನೋಯುತ್ತದೆ.

ಅಪ್ಪಯ್ಯನ ಕೈಯೂ ಈಚೆಗೆ ನಡುಗುತ್ತದೆ. ಸೊಪ್ಪು ಕಡಿಯಲು ಆಳು ಸಿಗುವುದಿಲ್ಲ. ತೋಟ ಮುಂದೆ ಯಾರದು ಎಂದು ನಮ್ಮ ಮನೆಯಲ್ಲಿ ಯಾರೂ ಬಾಯಿಬಿಟ್ಟು ಕೇಳುವುದಿಲ್ಲ. ಅದಕ್ಕೆ ನನ್ನ ಬಳಿ ಉತ್ತರವಿಲ್ಲ, ಈ ಬರಹದಲ್ಲೂ ಇಲ್ಲ.

ಅಂದು ಬೆಳಿಗ್ಗೆ ತೋಟಕ್ಕೆ ಹೋದಾಗ ಅವರು ಸೊಂಟದ ಕೊಕ್ಕೆಯಿಂದ ಕತ್ತಿ ತೆಗೆದು, ನನ್ನ ಕೈಗೆ ಕೊಡದೆ, ನೆಲದ ಮೇಲೆ ಇಟ್ಟರು. ಹಿಡಿ ನನ್ನ ಕಡೆಗಿತ್ತು. ಬಾಳೆಯ ಒಣ ಎಲೆಗಳನ್ನು ತೋರಿಸಿ, ನಾಲ್ಕು ಹೆಜ್ಜೆ ದೂರ ಹೋಗಿ ನಿಂತರು. ಚಿಕ್ಕಂದಿನಲ್ಲಿ ಮುಟ್ಟಲು ಬಿಡದ ಅದೇ ಕತ್ತಿ. ಎತ್ತಿಕೊಂಡೆ, ಅಂದುಕೊಂಡದ್ದಕ್ಕಿಂತ ಭಾರವಿತ್ತು. ಕೈ ಎತ್ತುವ ಮೊದಲು ಕೆಳಗೆ ನೋಡಿದೆ.

"ಹಾಂ, ಕಾಲು ಹಿಂದೆ" ಎಂದರು ಅಪ್ಪಯ್ಯ.